ಬೀದಿಯ ಅಕ್ಷರ, ಬಾಟಲಿಯ ಲೇಬಲ್: ಶಿವಮೊಗ್ಗದ ಬೋರ್ಡುಗಳಿಂದ ವಿನ್ಯಾಸಕರು ಏನು ಕಲಿಯಬಹುದು?

ಪ್ರಶ್ನೆ: ನಾನು ಸಾಗರದ ಕಡೆಯವಳು, ಶಿವಮೊಗ್ಗದಲ್ಲಿ ಗ್ರಾಫಿಕ್ ಡಿಸೈನರ್ ಆಗಿದ್ದೇನೆ. ನಮ್ಮೂರಿನ ಮಹಿಳಾ ಸ್ವಸಹಾಯ ಸಂಘದವರು ತಾವು ಮಾಡುವ ಅಪ್ಪೆಮಿಡಿ ಉಪ್ಪಿನಕಾಯಿಗೆ ಲೇಬಲ್ ಮಾಡಿಕೊಡಲು ಹೇಳಿದ್ದಾರೆ. ಕಂಪ್ಯೂಟರಿನಲ್ಲಿರುವ ಫಾಂಟುಗಳೆಲ್ಲ ನನಗೆ ಒಂದೇ ತರಹ ಕಾಣುತ್ತಿವೆ. ಗಾಂಧಿ ಬಜಾರ್ ಮತ್ತು ದುರ್ಗಿಗುಡಿಯಲ್ಲಿ ಉಳಿದಿರುವ ಕೈಬರಹದ ಬೋರ್ಡುಗಳ ಫೋಟೊಗಳನ್ನು ತೆಗೆದಿಟ್ಟುಕೊಂಡಿದ್ದೇನೆ. ಅವುಗಳನ್ನು ಈ ಕೆಲಸಕ್ಕೆ ಹೇಗೆ ಬಳಸಿಕೊಳ್ಳಲಿ? ಹಾಗೆ ಬಳಸಿದರೆ ನಕಲು ಮಾಡಿದಂತೆ ಆಗುವುದಿಲ್ಲವೆ?

ಉತ್ತರ: ನೀವು ಸಂಗ್ರಹಿಸಿರುವ ಫೋಟೊಗಳು ಖಂಡಿತ ಕೆಲಸಕ್ಕೆ ಬರುತ್ತವೆ. ಆದರೆ ಅವುಗಳಿಂದ ಅಕ್ಷರಗಳ ಆಕಾರವನ್ನು ಎತ್ತಿ ಲೇಬಲ್ಲಿಗೆ ಅಂಟಿಸುವ ಮೊದಲು, ಆ ಆಕಾರಗಳು ಹಾಗೇಕೆ ಬಂದವು ಎಂಬುದನ್ನು ತಿಳಿದುಕೊಳ್ಳಬೇಕು. ಬೀದಿಯ ಪ್ರತಿಯೊಂದು ಬರಹವೂ ಯಾವುದೋ ಒಂದು ಕಷ್ಟವನ್ನು ಬಿಡಿಸಿಕೊಂಡಿರುತ್ತದೆ. ತಗಡು ಇಷ್ಟೇ ಉದ್ದ, ಅಂಗಡಿಯ ಹೆಸರು ಅದಕ್ಕಿಂತ ಉದ್ದ. ಓದುವವರು ರಸ್ತೆಯ ಆಚೆ ಬದಿಯಲ್ಲಿದ್ದಾರೆ. ಕೈಯಲ್ಲಿರುವುದು ಚಪ್ಪಟೆ ಬ್ರಷ್ಷು. ಜೂನ್ ಬಂದರೆ ನಾಲ್ಕು ತಿಂಗಳು ಮಳೆ. ಪೇಂಟರ್ ಈ ಕಷ್ಟವನ್ನು ಬಿಡಿಸಿಕೊಂಡ ಬಗೆ ಯಾವುದು ಎಂದು ಕಂಡುಕೊಂಡರೆ ಅದು ನಿಮ್ಮ ಬಂಡವಾಳವಾಗುತ್ತದೆ. ಅದನ್ನು ಬಿಟ್ಟು ಹಳದಿ ಅಕ್ಷರಕ್ಕೆ ಕೆಂಪು ಶೇಡ್ ಕೊಟ್ಟು ಹಳೆಯ ಕಾಲದ ನೋಟವನ್ನಷ್ಟೇ ತಂದರೆ, ಆ ಲೇಬಲ್ ಸಾಗರದ್ದೂ ಆಗಬಹುದು, ಮದುರೆಯದ್ದೂ ಆಗಬಹುದು.

ಅಂಗಡಿ ಬೀದಿಗೆ ಹೋಗುವ ಮೊದಲು ಖಾಸಗಿ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತುಕೊಳ್ಳಿ ಎಂದು ನಾನು ಹೇಳುತ್ತೇನೆ. ಮಾರ್ಗದ ಬೋರ್ಡುಗಳಲ್ಲಿರುವ ಊರುಗಳ ಹೆಸರುಗಳನ್ನು ದೂರದಿಂದ, ಕಣ್ಣನ್ನು ಸ್ವಲ್ಪ ಕಿರಿದು ಮಾಡಿಕೊಂಡು ನೋಡಿ. ಸಾಗರ, ಹೊಸನಗರ, ಸೊರಬ ಎಂಬ ಹೆಸರುಗಳ ತಳ ಸಮವಾಗಿದೆ. ಅಕ್ಷರದ ಗೆರೆಯಿಂದ ಕೆಳಗೆ ಏನೂ ಇಳಿಯುವುದಿಲ್ಲ. ಕೊಪ್ಪ ಎಂಬಲ್ಲಿ ಕೊನೆಯ ಅಕ್ಷರದಡಿ ಒಂದು ಒತ್ತು ಇಳಿದಿದೆ. ಭದ್ರಾವತಿಯಲ್ಲಿ ಎರಡನೆಯ ಅಕ್ಷರಕ್ಕೇ ರಕಾರದ ಒತ್ತು ಬಾಗಿಕೊಂಡು ಬರುತ್ತದೆ. ತೀರ್ಥಹಳ್ಳಿಯಲ್ಲಿ ನಡುವೆ ಅರ್ಕಾವತ್ತು, ತುದಿಯಲ್ಲಿ ಳಕಾರದ ಒತ್ತು. ಶೃಂಗೇರಿಗೆ ಮೊದಲ ಅಕ್ಷರದ ಬಗಲಿಗೇ ವಟ್ರಸುಳಿ. ಬಸ್ಸು ತಿರುವು ತೆಗೆದುಕೊಂಡು ಒಳಗೆ ಬರುವಾಗ ಪ್ರಯಾಣಿಕರು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುವುದಿಲ್ಲ. ಹೆಸರಿನ ಒಟ್ಟು ಆಕೃತಿಯನ್ನು ಗುರುತು ಹಿಡಿಯುತ್ತಾರೆ, ಮತ್ತು ಕನ್ನಡದಲ್ಲಿ ಆ ಗುರುತಿನ ದೊಡ್ಡ ಪಾಲು ಅಕ್ಷರಗಳ ಕೆಳಗಿರುತ್ತದೆ. ಒಳ್ಳೆಯ ಬೋರ್ಡು ಬರೆಯುವವರು ಇದನ್ನು ಅನುಭವದಿಂದ ಬಲ್ಲರು. ಆದ್ದರಿಂದಲೇ ಅವರು ಒತ್ತನ್ನು ಮೇಲಿನ ಅಕ್ಷರದಷ್ಟೇ ದಪ್ಪ ಗೆರೆಯಲ್ಲಿ ಬರೆಯುತ್ತಾರೆ. ಎಲ್‌ಇಡಿ ಮಾರ್ಗಸೂಚಿಗಳಲ್ಲಿ ಚುಕ್ಕೆಗಳ ಸಾಲು ಇಷ್ಟೇ ಎಂದು ನಿಗದಿಯಾಗಿರುವುದರಿಂದ, ಒತ್ತಿಗೆ ಜಾಗ ಕೊಡಬೇಕಾದರೆ ಮೇಲಿನ ಅಕ್ಷರ ಕುಗ್ಗಬೇಕು, ಇಲ್ಲವೇ ಒತ್ತು ಮುದುಡಬೇಕು. ಸಾಮಾನ್ಯವಾಗಿ ಮುದುಡುವುದು ಒತ್ತೇ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ದುರ್ಗಿಗುಡಿಗೆ ಬನ್ನಿ. ಅಲ್ಲಿ ನೀವು ಹುಡುಕಬೇಕಾದದ್ದು ಸುಂದರವಾದ ಬೋರ್ಡನ್ನಲ್ಲ, ಕಷ್ಟವಾದ ಹೆಸರನ್ನು. 'ಎಲೆಕ್ಟ್ರಿಕಲ್ಸ್' ಎಂಬ ಪದವನ್ನೇ ತೆಗೆದುಕೊಳ್ಳಿ. ಮೂರನೆಯ ಅಕ್ಷರದಲ್ಲಿ ಕಕಾರಕ್ಕೆ ಮೇಲೆ ಗುಡಿಸು, ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಕೊನೆಯಲ್ಲಿ ಲಕಾರಕ್ಕೆ ಸಕಾರದ ಒತ್ತು ಸೇರಿ ಅರ್ಧಾಕ್ಷರ. ಉಳಿದ ಬಹುಪಾಲು ಅಕ್ಷರಗಳಿಗೆ ಒಂದು ಅಂತಸ್ತು ಸಾಕಾದರೆ ಆ ಮೂರನೆಯ ಅಕ್ಷರಕ್ಕೆ ಮೂರು ಬೇಕು. ಕಂಪ್ಯೂಟರು ಏನು ಮಾಡುತ್ತದೆ? ಎರಡೂ ಒತ್ತುಗಳನ್ನು ತನಗೆ ಹೇಳಿಕೊಟ್ಟ ಜಾಗದಲ್ಲಿ ಇಟ್ಟು ಸಾಲಿನ ಎತ್ತರವನ್ನು ಹೆಚ್ಚಿಸಿಕೊಳ್ಳುತ್ತದೆ. ಬೋರ್ಡಿನ ಎತ್ತರ ನಿಗದಿಯಾಗಿದ್ದರೆ, ಆ ಒಂದು ಒತ್ತಿನ ಸಲುವಾಗಿ ಇಡೀ ಹೆಸರನ್ನೇ ನಾವು ಚಿಕ್ಕದು ಮಾಡುತ್ತೇವೆ. ಕೈಯಲ್ಲಿ ಬರೆಯುವವರು ಹಾಗೆ ಮಾಡುವುದಿಲ್ಲ. ಚಾಕ್‌ಪೀಸಿನಲ್ಲಿ ಮೇಲೊಂದು ಕೆಳಗೊಂದು ಗೆರೆ ಎಳೆದುಕೊಂಡು, ಅಕ್ಷರಗಳ ಜಾಗವನ್ನು ಗುರುತು ಹಾಕಿಕೊಳ್ಳುವಾಗಲೇ ಕಕಾರವನ್ನು ಕೂದಲೆಳೆಯಷ್ಟು ಮೇಲೆತ್ತುತ್ತಾರೆ, ಟಕಾರದ ಒತ್ತನ್ನು ಎಡಕ್ಕೆ ಸರಿಸಿ ಅದರ ಬಲಗಡೆಯಲ್ಲಿ ರಕಾರದ ಒತ್ತಿನ ಬಾಲವನ್ನು ಮುಂದಿನ ಕಕಾರದ ಕೆಳಗೆ ಹರಿಯಬಿಡುತ್ತಾರೆ. ಮುಂದಿನ ಅಕ್ಷರದ ಕೆಳಗೆ ಹೇಗೂ ಖಾಲಿ ಜಾಗವಿದೆ. ಪಕ್ಕದವರ ಜಾಗವನ್ನು ಹೀಗೆ ಬಳಸಿಕೊಳ್ಳುವುದು ಕನ್ನಡ ಅಕ್ಷರಜೋಡಣೆಯ ಬಹು ಮುಖ್ಯ ಕೌಶಲವೆಂದು ನಾನು ತಿಳಿದಿದ್ದೇನೆ, ಮತ್ತು ಇದನ್ನು ಕಲಿಸುವ ಪಾಠಶಾಲೆ ಸದ್ಯಕ್ಕೆ ಇಂತಹ ಬೋರ್ಡುಗಳೇ.

ಇನ್ನೊಂದು ಪದವನ್ನು ಹತ್ತಿರದಿಂದ ನೋಡಿ. ಹಣ್ಣಿನ ಅಂಗಡಿಗಳಲ್ಲಿ ಕಾಣುವ 'ಮಾವು' ಎಂಬ ಎರಡಕ್ಷರದ ಪದದಲ್ಲಿ ಕನ್ನಡ ಲಿಪಿಯ ಒಂದು ಸೂಕ್ಷ್ಮ ಅಡಗಿದೆ. ವಕಾರದ ಬಲಗಡೆಗೆ ಒಂದು ಕೊಂಡಿ ಸೇರಿಸಿದರೆ ಮಕಾರದ ರೂಪ ಬರುತ್ತದೆ. ಕೊಂಬು ಕೂಡ ಬಲಗಡೆಯ ಕೊಂಡಿಯೇ ಆದ್ದರಿಂದ, ವಕಾರಕ್ಕೆ ಕೊಂಬನ್ನು ಬೇರೆ ಅಕ್ಷರಗಳಿಗೆ ಕೊಟ್ಟಂತೆಯೇ ಕೊಟ್ಟರೆ ಅದು ಮಕಾರವಾಗಿಬಿಡುತ್ತದೆ. ಹಾಗಾಗದಿರಲೆಂದು ಪಕಾರ, ವಕಾರಗಳಿಗೆ ಕೊಂಬನ್ನು ತಳದಿಂದ, ಕೆಳಗಿಳಿಸಿ ಹಚ್ಚುವುದು ರೂಢಿ. ಬ್ರಷ್ಷಿನಲ್ಲಿ ಬರೆದ ಬೋರ್ಡುಗಳಲ್ಲಿ ಈ ಕೊಂಬು ಎಲ್ಲಿಂದ ಹೊರಡುತ್ತದೆ, ಎಷ್ಟು ಕೆಳಗಿಳಿಯುತ್ತದೆ, ಎಲ್ಲಿ ತೆಳ್ಳಗಾಗುತ್ತದೆ ಎಂಬುದನ್ನು ಗಮನಿಸಿದರೆ ಬರೆದವರ ಕೈ ಎಷ್ಟು ಪಳಗಿದೆ ಎಂಬುದು ತಿಳಿಯುತ್ತದೆ. ತಲೆಕಟ್ಟು ಇಂತಹ ಇನ್ನೊಂದು ಜಾಗ. ಜ, ಟ, ಣ, ಬ, ಲ ಮುಂತಾದವಕ್ಕೆ ತಲೆಕಟ್ಟಿಲ್ಲ. ಉಳಿದ ಬಹುಪಾಲು ವ್ಯಂಜನಗಳಿಗಿದೆ. ತಲೆಕಟ್ಟಿಲ್ಲದ ಅಕ್ಷರವೊಂದು ಹೆಸರಿನ ನಡುವೆ ಬಂದಾಗ ಮೇಲಂಚಿನಲ್ಲಿ ಹಳ್ಳ ಬಿದ್ದಂತೆ ಕಾಣುತ್ತದೆ. ಅದನ್ನು ತುಂಬಲು ಕೆಲವರು ಆ ಅಕ್ಷರವನ್ನೇ ತುಸು ಎತ್ತರಿಸುತ್ತಾರೆ, ಕೆಲವರು ಪಕ್ಕದ ತಲೆಕಟ್ಟಿನ ತುದಿಯನ್ನು ಚಾಚುತ್ತಾರೆ. ನಿಮ್ಮ ಫೋಟೊಗಳಲ್ಲಿ ಇವೆರಡೂ ಇರಬಹುದು, ಹುಡುಕಿ ನೋಡಿ.

ಮಲೆನಾಡಿನ ಬೋರ್ಡುಗಳನ್ನು ಬಯಲುಸೀಮೆಯವುಗಳಿಂದ ಬೇರೆ ಮಾಡುವ ಸಂಗತಿ ಯಾವುದಾದರೂ ಇದ್ದರೆ ಅದು ಮಳೆ. ಚೌಕಟ್ಟು ಹಾಕಿದ ತಗಡಿನ ಬೋರ್ಡಿನಲ್ಲಿ ನೀರು ಕೆಳ ಅಂಚಿನಲ್ಲಿ ನಿಲ್ಲುತ್ತದೆ. ತುಕ್ಕು ಅಲ್ಲಿಂದಲೇ ಹಿಡಿದು ಮೇಲಕ್ಕೆ ಏರುತ್ತದೆ. ಕನ್ನಡದಲ್ಲಿ ಒತ್ತುಗಳಿರುವುದೂ ಅಲ್ಲೇ. ಹೀಗಾಗಿ ಮೊದಲು ಹಾಳಾಗುವುದು ಒತ್ತು, 'ಅನ್ನಪೂರ್ಣ' ಎಂಬ ಹೆಸರು ಕೆಲವು ಮಳೆಗಾಲ ಕಳೆಯುವುದರೊಳಗೆ 'ಅನಪೂರ್ಣ' ಆಗಿರುತ್ತದೆ. ಇದನ್ನು ಅರಿತವರು ತಗಡಿನ ಕೆಳಭಾಗದಲ್ಲಿ ಒಂದು ಅಗಲವಾದ ಪಟ್ಟಿಯನ್ನು ಖಾಲಿ ಬಿಡುತ್ತಾರೆ ಅಥವಾ ಅಲ್ಲಿ ವಿಳಾಸದಂತಹ ಕಡಿಮೆ ಮುಖ್ಯವಾದ ಸಾಲನ್ನು ಬರೆಯುತ್ತಾರೆ. ಬಿಸಿಲಿನ ಪರಿಣಾಮ ಬೇರೆ ರೀತಿಯದು. ಕೆಂಪು ಬೇಗ ಮಾಸುತ್ತದೆ, ಕಪ್ಪು ಬಹಳ ಕಾಲ ನಿಲ್ಲುತ್ತದೆ; ಕೆಂಪು ಅಕ್ಷರಕ್ಕೆ ಕಪ್ಪು ಶೇಡ್ ಕೊಟ್ಟಿದ್ದರೆ ಎಷ್ಟೋ ವರ್ಷಗಳ ಮೇಲೆ ಅಕ್ಷರ ಹೋಗಿ ಶೇಡ್ ಮಾತ್ರ ಉಳಿದಿರುತ್ತದೆ, ಆದರೂ ಹೆಸರನ್ನು ಓದಬಹುದು. ಶೇಡ್ ಎಂಬುದನ್ನು ಅಲಂಕಾರವೆಂದು ನಾವು ಭಾವಿಸುತ್ತೇವೆ. ಇಂತಹ ಬೋರ್ಡುಗಳನ್ನು ಕಂಡಾಗ ಅದು ಅಕ್ಷರವನ್ನು ಹಿನ್ನೆಲೆಯಿಂದ ಬೇರ್ಪಡಿಸುವ, ಬಣ್ಣ ಕೈಕೊಟ್ಟಾಗ ಹೆಸರನ್ನು ಉಳಿಸುವ ಉಪಾಯವೂ ಹೌದು ಎಂದು ಅರ್ಥವಾಗುತ್ತದೆ.

ಇಂದು ಬಿ.ಎಚ್. ರಸ್ತೆಯ ಉದ್ದಕ್ಕೂ ಕಾಣುವುದು ಹೆಚ್ಚಾಗಿ ಅಚ್ಚಿನ ಬೋರ್ಡುಗಳು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ ನಾಮಫಲಕದ ಶೇ. 60ರಷ್ಟು ಭಾಗದಲ್ಲಿ, ಅದೂ ಮೇಲ್ಭಾಗದಲ್ಲಿ, ಕನ್ನಡವಿರಬೇಕು. ಇದು ಬಹಳ ಸಂತೋಷದ ವಿಷಯ. ಆದರೆ ಹಲವು ಕಡೆ ಈ ಅಳತೆಯನ್ನು ಪಾಲಿಸಿರುವ ರೀತಿಯನ್ನು ನೋಡಿದರೆ ಬೇಸರವಾಗುತ್ತದೆ. ಇಂಗ್ಲಿಷಿಗಾಗಿ ಮಾಡಿದ ವಿನ್ಯಾಸವನ್ನು ಹಾಗೆಯೇ ಇಟ್ಟುಕೊಂಡು, ಕನ್ನಡದ ಯಾವುದೋ ಫಾಂಟನ್ನು ಅಡ್ಡಕ್ಕೆ ಎಳೆದು ಜಾಗ ತುಂಬಿಸುತ್ತಾರೆ. ಅಡ್ಡಕ್ಕೆ ಎಳೆದಾಗ ನಿಂತ ಗೆರೆಗಳು ದಪ್ಪವಾಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ಇರುತ್ತವೆ, ದುಂಡಗಿನ ಹೊಟ್ಟೆಗಳೆಲ್ಲ ಚಪ್ಪಟೆಯಾಗುತ್ತವೆ. ಕನ್ನಡದ ಅಕ್ಷರವೆಂದರೆ ಬಹುಮಟ್ಟಿಗೆ ದುಂಡು, ಆದ್ದರಿಂದ ನಮ್ಮ ಲಿಪಿಗೆ ಈ ಎಳೆತದಿಂದ ಆಗುವ ಹಾನಿ ರೋಮನ್ ಲಿಪಿಗಿಂತ ಹೆಚ್ಚು. ಕೈಯಲ್ಲಿ ಬರೆಯುವವರು ಹೆಸರನ್ನು ಅಗಲ ಮಾಡಬೇಕಾದರೆ ಗೆರೆಯ ದಪ್ಪವನ್ನು ಬದಲಿಸುವುದಿಲ್ಲ, ಬ್ರಷ್ಷು ಅದೇ ಇರುತ್ತದೆ. ಅಕ್ಷರದ ಹೊಟ್ಟೆಯನ್ನು ಹಿಗ್ಗಿಸುತ್ತಾರೆ, ದೀರ್ಘವನ್ನು ಚಾಚುತ್ತಾರೆ, ಅಕ್ಷರಗಳ ನಡುವಿನ ಅಂತರವನ್ನು ಸಡಿಲಿಸುತ್ತಾರೆ.

ಫಾಂಟುಗಳೆಲ್ಲ ಒಂದೇ ತರಹ ಎಂಬ ನಿಮ್ಮ ಮಾತನ್ನು ಇಲ್ಲಿ ಸ್ವಲ್ಪ ತಿದ್ದಬೇಕಾಗಿದೆ. ವಿಂಡೋಸಿನಲ್ಲಿ ಬಹುಕಾಲ ಕನ್ನಡಕ್ಕೆ ಇದ್ದದ್ದು ತುಂಗಾ ಎಂಬ ಫಾಂಟು, ನಿಮ್ಮ ಊರಿನ ಹೊಳೆಯ ಹೆಸರೇ. ಕಚೇರಿಗಳಲ್ಲಿ ನುಡಿ, ಮನೆಗಳಲ್ಲಿ ಬರಹ ಎಂಬ ತಂತ್ರಾಂಶಗಳ ಫಾಂಟುಗಳು. ಆ ಕಾಲದಲ್ಲಿ ನಿಮ್ಮ ದೂರು ನ್ಯಾಯವಾಗಿತ್ತು. ಈಗ ಏಕ್ ಟೈಪ್ ಸಂಸ್ಥೆಯ ಬಾಲೂ ತಮ್ಮ, ಅನೇಕ್ ಕನ್ನಡ, ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಅವರ ಅಕಾಯ ಕನ್ನಡಕ ಮುಂತಾದವು ಉಚಿತವಾಗಿ ಸಿಗುತ್ತವೆ. ಇವುಗಳಲ್ಲಿ ಅನೇಕ್ ಕನ್ನಡಕ್ಕೆ ಗೆರೆಯ ದಪ್ಪದ ಜೊತೆಗೆ ಅಗಲವನ್ನೂ ಹಿಗ್ಗಿಸುವ, ಕುಗ್ಗಿಸುವ ಅನುಕೂಲವಿದೆ, ಮತ್ತು ಹಾಗೆ ಮಾಡಿದಾಗ ಗೆರೆಯ ಹದ ಕೆಡುವುದಿಲ್ಲ. ಪದಾರ್ಥಗಳ ವಿವರ, ತೂಕ, ಬೆಲೆ ಇವುಗಳಿಗೆ ಅಂತಹ ಫಾಂಟನ್ನೇ ಬಳಸಿ. ಕೈಬರಹ ಬೇಕಾಗುವುದು ಹೆಸರಿಗೆ ಮಾತ್ರ.

ಗಾಂಧಿ ಬಜಾರಿನ ಅಂಗಡಿಗಳಿಗಿಂತಲೂ ನಿಮ್ಮ ಕೆಲಸಕ್ಕೆ ಹತ್ತಿರವಾದ ಒಂದು ಬರಹ ಅಡಿಕೆ ಮಂಡಿಗಳಲ್ಲಿದೆ. ಅಡಿಕೆ ಚೀಲಗಳ ಮೇಲೆ ಮಂಡಿಯ ಹೆಸರು, ಗುರುತು, ಮಾಲಿನ ಬಗೆ ಇವನ್ನು ಕೊರೆದ ತಗಡಿನ ಅಚ್ಚಿನಿಂದ, ಸ್ಟೆನ್ಸಿಲ್ಲಿನಿಂದ, ಮಸಿ ಬಳಿದು ಮೂಡಿಸುವ ಪದ್ಧತಿಯಿದೆ. ಅಡಿಕೆಯ ಬಗೆಗಳ ಹೆಸರುಗಳನ್ನು ನೀವು ಬಲ್ಲಿರಿ: ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು. ತಗಡಿನಲ್ಲಿ ರಕಾರವನ್ನು ಕೊರೆದರೆ ಅದರ ಹೊಟ್ಟೆಯ ನಡುವಿನ ತುಂಡು ಕಳಚಿ ಬೀಳುತ್ತದೆ. ಸೊನ್ನೆಯದೂ, ಠಕಾರದ್ದೂ ಇದೇ ಕಥೆ. ಅದು ಬೀಳದಂತೆ ಮೇಲೊಂದು ಕೆಳಗೊಂದು ಸಣ್ಣ ಸೇತುವೆಯನ್ನು ಬಿಡಬೇಕು, ಅಲ್ಲಿ ಅಕ್ಷರದ ಗೆರೆ ತುಂಡಾಗುತ್ತದೆ. ಗಕಾರದಂತಹ ಅಕ್ಷರಗಳ ಬಾಯಿ ತೆರೆದೇ ಇರುವುದರಿಂದ ಅವಕ್ಕೆ ಸೇತುವೆ ಬೇಡ. ಇನ್ನು ಒತ್ತುಗಳ ವಿಚಾರ: ಅವು ಮೇಲಿನ ಅಕ್ಷರದಿಂದ ಬೇರೆಯಾಗಿಯೇ ಕೂರುವುದರಿಂದ ನಡುವಿನ ತಗಡೇ ಸೇತುವೆಯ ಕೆಲಸ ಮಾಡುತ್ತದೆ, 'ಬೆಟ್ಟೆ' ಎಂದು ಕೊರೆಯುವವರಿಗೆ ಟಕಾರದ ಒತ್ತಿನಿಂದ ಹೆಚ್ಚಿನ ತೊಂದರೆಯೇನೂ ಇಲ್ಲ. ಬೋರ್ಡು ಬರೆಯುವವರಿಗೆ ತಲೆನೋವಾದ ಒತ್ತು ಅಚ್ಚು ಕೊರೆಯುವವರಿಗೆ ಹೀಗೆ ಸಲೀಸಾಗುವುದನ್ನು ನೋಡಿದರೆ, ಲಿಪಿಯ ಗುಣವೂ ಉಪಕರಣದ ಗುಣವೂ ಒಂದಕ್ಕೊಂದು ಎಷ್ಟು ಬೆಸೆದುಕೊಂಡಿವೆ ಎಂಬುದು ಮನಸ್ಸಿಗೆ ಹತ್ತುತ್ತದೆ. ನಿಮ್ಮ ಸಂಘದವರು ಬಾಟಲಿಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುವವರಾದರೆ, ಆ ಪೆಟ್ಟಿಗೆಗಳ ಮೇಲೆ ಇಂತಹದೇ ಒಂದು ಅಚ್ಚನ್ನು ಬಳಸಬಹುದು. ಅಲ್ಲಿ ತುಂಡು ಗೆರೆಯ ಅಕ್ಷರಕ್ಕೆ ನಿಜವಾದ ಕಾರಣವಿರುತ್ತದೆ. ಬಾಟಲಿಯ ಲೇಬಲ್ಲನ್ನು ಆಫ್‌ಸೆಟ್ಟಿನಲ್ಲಿ ಅಚ್ಚು ಹಾಕಿಸುವಾಗ ಅದೇ ತುಂಡು ಗೆರೆಯನ್ನು ತರುವುದಕ್ಕೆ ಯಾವ ಕಾರಣವೂ ಇಲ್ಲ.

ಶಿಲೆಯ ಮೇಲಿನ ಅಕ್ಷರಗಳ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಅಕ್ಷರಪ್ರಿಯರಿಗೆ ಶಿವಮೊಗ್ಗ ಜಿಲ್ಲೆಯಷ್ಟು ಶ್ರೀಮಂತವಾದ ಜಾಗ ನಾಡಿನಲ್ಲಿ ಹೆಚ್ಚಿಲ್ಲ. ಊರೊಳಗೇ ಶಿವಪ್ಪನಾಯಕನ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಶಾಸನಗಳೂ ವೀರಗಲ್ಲುಗಳೂ ಇವೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ದುಂಡಾದ, ಒತ್ತೊತ್ತಾಗಿ ಕೂತ ಅಕ್ಷರಗಳನ್ನು ನೋಡಬಹುದು. ಅಲ್ಲಿಗೆ ಹತ್ತಿರದ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬರ ಕಾಲದ, ಕ್ರಿ.ಶ. 5ನೆಯ ಶತಮಾನದ ಸ್ತಂಭಶಾಸನವಿದೆ. ಅದರ ಭಾಷೆ ಸಂಸ್ಕೃತ. ಲಿಪಿ ನಮ್ಮ ಇಂದಿನ ಲಿಪಿಯ ಪೂರ್ವಜ. ಅಕ್ಷರಗಳ ತಲೆಯ ಮೇಲೆ ಸಣ್ಣ ಪೆಟ್ಟಿಗೆಯಂತಹ ಚೌಕಗಳಿವೆ, ಸಾಲುಗಳು ಕಂಬದ ಉದ್ದಕ್ಕೆ ಕೆಳಗಿನಿಂದ ಮೇಲಕ್ಕೆ ಸಾಗುತ್ತವೆ. ಕಂಬವು ಎಂಟು ಮುಖದ್ದು, ಮುಖಗಳು ಕಿರಿದು. ಅಡ್ಡಲಾಗಿ ಬರೆದಿದ್ದರೆ ಪದ್ಯದ ಸಾಲು ಮತ್ತೆ ಮತ್ತೆ ಮುರಿಯುತ್ತಿತ್ತು, ಉದ್ದಕ್ಕೆ ಬರೆದುದರಿಂದ ಅದು ಅಖಂಡವಾಗಿ ಉಳಿಯಿತು. ಪದ್ಯವನ್ನು ಕಟ್ಟಿದ ಕವಿ ಕುಬ್ಜ ಅದನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಶಾಸನದ ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಅಕ್ಷರ ಬರೆದವರು ಹೆಸರು ಹಾಕಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಷ್ಟು ಹಳೆಯದು ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. ಈ ಕಲ್ಲುಗಳ ಬಳಿ ಹೋದಾಗ ಓದುವುದಕ್ಕೆಂದು ಅಕ್ಷರಗಳಿಗೆ ಚಾಕ್‌ಪೀಸ್ ಉಜ್ಜುವುದಾಗಲಿ, ಬಣ್ಣ ತುಂಬುವುದಾಗಲಿ ಖಂಡಿತ ಮಾಡಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅವು ತಾವಾಗಿಯೇ ಕಾಣುತ್ತವೆ. ಕಾಗದ ಒತ್ತಿ ಪಡಿಯಚ್ಚು ತೆಗೆಯಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಉಪ್ಪಿನಕಾಯಿಯ ಲೇಬಲ್ಲಿಗೆ ಕದಂಬರ ಪೆಟ್ಟಿಗೆ ತಲೆಗಳನ್ನು ತರಬೇಡಿ ಎಂದೂ ಹೇಳಿಬಿಡುತ್ತೇನೆ. ಅದು ಉಳಿಯ ಭಾಷೆ.

ಸುತ್ತಾಟದ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿಗಳು ತೆರೆಯುವ ಮುಂಚೆ ಒಮ್ಮೆ ಹೋಗಿ, ಏಕೆಂದರೆ ರೋಲಿಂಗ್ ಶಟರಿನ ಮೇಲೆ ಬರೆದದ್ದು ಬಾಗಿಲು ಮುಚ್ಚಿದಾಗ ಮಾತ್ರ ಕಾಣುತ್ತದೆ. ಎನಾಮಲ್ ಬಣ್ಣ ಬಿಸಿಲಿಗೆ ಹೊಳೆಯುವುದರಿಂದ ಮೋಡದ ದಿನಗಳೇ ಫೋಟೊಗೆ ಒಳ್ಳೆಯದು, ಮಲೆನಾಡಿನಲ್ಲಿ ಅದಕ್ಕೆ ಕೊರತೆಯಿಲ್ಲ. ಕೆಳಗೆ ನಿಂತು ಓರೆಯಾಗಿ ತೆಗೆದ ಫೋಟೊದಲ್ಲಿ ಅಕ್ಷರದ ಮೇಲ್ಭಾಗ ಕಿರಿದಾಗುತ್ತದೆ. ಎದುರಿನ ಕಟ್ಟಡದ ಮಹಡಿಯಿಂದ ನೇರವಾಗಿ ತೆಗೆಯಲು ಸಾಧ್ಯವೇ ನೋಡಿ. ಬೋರ್ಡಿನ ಕಾಲವನ್ನು ಅಂದಾಜು ಮಾಡಲು ಅದರಲ್ಲೇ ಸುಳಿವುಗಳಿರುತ್ತವೆ. ಊರಿನ ಹೆಸರು ಇಂಗ್ಲಿಷಿನಲ್ಲಿ ಶಿಮೊಗಾ ಎಂದಿದ್ದರೆ ಅದು ಬಹುಶಃ 2014ರ ನವೆಂಬರ್ 1ಕ್ಕಿಂತ ಹಿಂದಿನದು, ಆ ದಿನದಿಂದಲೇ ಶಿವಮೊಗ್ಗ ಎಂಬ ರೂಪ ಅಧಿಕೃತವಾದದ್ದು. ದೂರವಾಣಿ ಸಂಖ್ಯೆ ಐದೇ ಅಂಕಿಯದಾಗಿದ್ದರೆ ಇನ್ನೂ ಹಳೆಯದು. ಬೋರ್ಡಿನ ಕೆಳಮೂಲೆಯಲ್ಲಿ ಸಣ್ಣದಾಗಿ ಬರೆದವರ ಹೆಸರೋ, 'ಆರ್ಟ್ಸ್' ಎಂದು ಕೊನೆಯಾಗುವ ಅವರ ಅಂಗಡಿಯ ಹೆಸರೋ ಇದ್ದರೆ ಅದನ್ನು ತಪ್ಪದೆ ಗುರುತು ಹಾಕಿಕೊಳ್ಳಿ.

ಫೋಟೊಗಿಂತ ಮುಖ್ಯವಾದದ್ದು ಪೆನ್ಸಿಲ್ಲು. ಬೋರ್ಡಿನ ಮುಂದೆ ನಿಂತು ಒಂದು ಹೆಸರನ್ನು ನಿಧಾನವಾಗಿ ಬಿಡಿಸಿಕೊಂಡರೆ, ಹತ್ತಾರು ಫೋಟೊ ತೆಗೆದರೂ ಕಾಣದ ಸಂಗತಿಗಳು ಕೈಗೆ ಸಿಗುತ್ತವೆ. ಗೆರೆಯ ದಪ್ಪ ಅಕ್ಷರದ ಎತ್ತರದಲ್ಲಿ ಎಷ್ಟನೆಯ ಒಂದು ಪಾಲು? ಒತ್ತಿನ ಎತ್ತರ ಮೇಲಿನ ಅಕ್ಷರದ ಅರ್ಧವೋ, ಅದಕ್ಕಿಂತ ಹೆಚ್ಚೋ? ಬ್ರಷ್ಷು ಎಲ್ಲಿ ಎತ್ತಿ ಮತ್ತೆ ಇಟ್ಟಿದೆ? ಇವುಗಳನ್ನು ಚಿತ್ರದ ಪಕ್ಕದಲ್ಲೇ ಬರೆದುಕೊಳ್ಳಿ. ನಿಮ್ಮ ಕೆಲಸಕ್ಕೆ ದಾಟಿ ಬರಬೇಕಾದದ್ದು ಈ ಪ್ರಮಾಣಗಳು. ಫೋಟೊವನ್ನು ಕಂಪ್ಯೂಟರಿಗೆ ಹಾಕಿ ತಾನಾಗಿ ಟ್ರೇಸ್ ಮಾಡಿಸಿದರೆ ತುಕ್ಕಿನ ಕಲೆ, ಗೋಡೆಯ ಉಬ್ಬು, ಕ್ಯಾಮೆರಾದ ಓರೆ ಎಲ್ಲವೂ ಅಕ್ಷರದೊಳಗೆ ಸೇರಿಕೊಂಡು, ಬರೆದವರು ನೋಡಿದರೆ ನೊಂದುಕೊಳ್ಳುವಂತಹ ವಸ್ತುವೊಂದು ಹೊರಬರುತ್ತದೆ.

ಈಗ ನಿಮ್ಮ ಲೇಬಲ್ಲಿಗೆ ಬರೋಣ. 'ಅಪ್ಪೆಮಿಡಿ' ಮೇಲೆ, 'ಉಪ್ಪಿನಕಾಯಿ' ಕೆಳಗೆ ಎಂದು ಎರಡು ಸಾಲು ಮಾಡುವ ಯೋಚನೆ ನಿಮಗೆ ಸಹಜವಾಗಿ ಬಂದಿರುತ್ತದೆ. ಕಾಗದದ ಮೇಲೆ ಬರೆದು ನೋಡಿ. ಮೇಲಿನ ಸಾಲಿನ ಎರಡನೆಯ ಅಕ್ಷರದ ಕೆಳಗೆ ಪಕಾರದ ಒತ್ತು ಇಳಿಯುತ್ತದೆ. ಕೆಳಗಿನ ಸಾಲಿನ ಎರಡನೆಯ ಅಕ್ಷರದ ಮೇಲೆ ಗುಡಿಸು ಏಳುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಡಿಕ್ಕಿ ಹೊಡೆಯುತ್ತವೆ. ಸಾಲುಗಳನ್ನು ದೂರ ಮಾಡಿದರೆ ಡಿಕ್ಕಿ ತಪ್ಪುತ್ತದೆ, ಆದರೆ ಉಳಿದ ಕಡೆಯೆಲ್ಲ ದೊಡ್ಡ ಖಾಲಿ ಪಟ್ಟಿ ಬಿದ್ದು ಎರಡು ಪದಗಳು ಬೇರೆ ಬೇರೆಯಾಗಿ ಕಾಣುತ್ತವೆ. ಬೋರ್ಡು ಬರೆಯುವವರ ಉಪಾಯ ಇಲ್ಲಿ ಒದಗುತ್ತದೆ: ಕೆಳಗಿನ ಸಾಲನ್ನು ಅರ್ಧ ಅಕ್ಷರದಷ್ಟು ಬಲಕ್ಕೆ ಸರಿಸಿ. ಆಗ ಮೇಲಿನ ಒತ್ತು ಉಕಾರಕ್ಕೂ ಪ್ಪಿಗೂ ನಡುವಿನ ಸಂದಿಗೆ ಇಳಿದು ಕೂರುತ್ತದೆ, ಸಾಲುಗಳನ್ನು ಇನ್ನಷ್ಟು ಹತ್ತಿರ ತರಬಹುದು. ಎರಡೂ ಪದಗಳಲ್ಲಿ ಇರುವುದು ಅದೇ ಪಕಾರದ ಒತ್ತು, ತಲೆಕಟ್ಟಿಲ್ಲದ ಪುಟ್ಟ ಪಕಾರ, ಎಂಬುದನ್ನೂ ಮರೆಯಬೇಡಿ. ಅವೆರಡನ್ನೂ ಒಂದೇ ಗಾತ್ರದಲ್ಲಿ, ಒಂದೇ ಓರೆಯಲ್ಲಿ ಬರೆದು ಉಳಿದ ಅಕ್ಷರಗಳಿಗಿಂತ ಕೂದಲೆಳೆಯಷ್ಟು ದಪ್ಪ ಕೊಟ್ಟರೆ ಹೆಸರಿಗೆ ತನ್ನದೇ ಆದ ಗುರುತು ಬರುತ್ತದೆ. ಅಂಗಡಿಯ ಕಪಾಟಿನಲ್ಲಿ ದೂರದಿಂದಲೇ ಕಾಣುವುದು ಅದೇ. ಮೇಲಂಚಿನಲ್ಲಿ ಎತ್ವ, ಅದರ ಪಕ್ಕದಲ್ಲಿ ಮಿ ಮತ್ತು ಡಿಗಳ ಎರಡು ಗುಡಿಸುಗಳು ಸಾಲಾಗಿ ಬರುವುದರಿಂದ ಅಲ್ಲಿ ಬೇರೆ ಅಲಂಕಾರ ಬೇಕಿಲ್ಲ. ಆ ಮೂರು ಸುರುಳಿಗಳ ಎತ್ತರ ಸಮವಾಗಿದ್ದರೆ ಸಾಕು.

ಗಾತ್ರ ಬದಲಾದಾಗ ಆಗುವ ವ್ಯತ್ಯಾಸವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೋರ್ಡು ಹತ್ತಾರು ಅಡಿ ದೂರದಿಂದ ಓದುವಂತಹದು. ಲೇಬಲ್ಲು ಕೈಯಳತೆಯಲ್ಲಿ, ಅದೂ ಬಾಟಲಿಯ ದುಂಡಿನ ಮೇಲೆ ಬಾಗಿ ಕೂರುವಂತಹದು. ಬೋರ್ಡಿನಲ್ಲಿ ಚೆನ್ನಾಗಿ ಕಂಡ ಶೇಡ್, ಔಟ್‌ಲೈನ್, ಬಿಳಿಯ ಹೈಲೈಟ್ ಗೆರೆ ಇವು ಅಂಗುಲದಷ್ಟು ಎತ್ತರದ ಅಕ್ಷರದಲ್ಲಿ ಒತ್ತಿನ ಸಂದಿಗಳನ್ನೆಲ್ಲ ಮುಚ್ಚಿಬಿಡುತ್ತವೆ. ಇವುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ, ಅದೂ ಅಚ್ಚಿನಲ್ಲಿ ಸ್ಪಷ್ಟವಾಗಿ ಮೂಡುವುದಾದರೆ. ತೂಕ, ತಯಾರಿಕೆಯ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇವಕ್ಕೆಲ್ಲ ಮೊದಲೇ ಜಾಗ ಬಿಟ್ಟು, ಉಳಿದ ಜಾಗದಲ್ಲಿ ಹೆಸರಿನ ಅಳತೆಯನ್ನು ನಿರ್ಧರಿಸಿ. ನಿಜವಾದ ಗಾತ್ರದಲ್ಲಿ ಪ್ರಿಂಟ್ ತೆಗೆದು, ಎಣ್ಣೆ ತಾಗಿದ ಬಾಟಲಿಗೆ ಸುತ್ತಿ, ಸಂಘದ ಹಿರಿಯರ ಕೈಗೆ ಕೊಟ್ಟು ಓದಿಸಿ. ಹಸೆ ಚಿತ್ತಾರವನ್ನು ಅಂಚಿಗೆ ಹಾಕೋಣವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನಿಂದ ಬರೆಯುವ ಆ ಗೆರೆಗಳಿಗೆ ಮನೆಯ ಮಂಗಳಕಾರ್ಯದೊಂದಿಗೆ ಸಂಬಂಧವಿದೆ. ನಿಮ್ಮ ಸಂಘದಲ್ಲಿ ಅದನ್ನು ಬರೆಯುವವರಿದ್ದು, ಅವರೇ ಬರೆದುಕೊಟ್ಟರೆ ಮಾತ್ರ ಹಾಕಿ.

ನಕಲಿನ ಪ್ರಶ್ನೆಯನ್ನು ನೀವಾಗಿಯೇ ಕೇಳಿದ್ದು ನನಗೆ ಮೆಚ್ಚುಗೆಯಾಯಿತು. ಅಭ್ಯಾಸಕ್ಕಾಗಿ ಬೋರ್ಡನ್ನು ನೋಡಿ ಬರೆಯುವುದು, ಪ್ರಮಾಣಗಳನ್ನು ತಿಳಿಯುವುದು, ಒತ್ತನ್ನು ಸರಿಸುವ ಉಪಾಯವನ್ನು ಕಲಿಯುವುದು ಇವು ಯಾವುವೂ ನಕಲಲ್ಲ. ಪೇಂಟರುಗಳು ಕಲಿತದ್ದೂ ಹೀಗೆಯೇ. ಒಬ್ಬರು ಬರೆದ ಅಕ್ಷರವನ್ನೇ ಟ್ರೇಸ್ ಮಾಡಿ ಮಾರಾಟದ ವಸ್ತುವಿನ ಮೇಲೆ ಹಾಕುವುದು ಬೇರೆ ವಿಷಯ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಕಲಾಕೃತಿಯ ಹಕ್ಕು ಅದನ್ನು ಮಾಡಿದವರ ಜೀವಿತಾವಧಿಗೂ ಅನಂತರ 60 ವರ್ಷಗಳಿಗೂ ಇರುತ್ತದೆ. ಅಂಗಡಿಯ ಹೆಸರು ಮತ್ತು ಲಾಂಛನ ನೋಂದಣಿಯಾಗಿದ್ದರೆ ಟ್ರೇಡ್‌ಮಾರ್ಕ್ ಕಾನೂನೂ ಅನ್ವಯವಾಗುತ್ತದೆ. ಕಾನೂನಿನ ಮಾತು ಹಾಗಿರಲಿ, ಬರೆದವರು ಇನ್ನೂ ಊರಿನಲ್ಲೇ ಇರುವಾಗ ಅವರನ್ನು ಕೇಳದೆ ಅವರ ಕೈಬರಹವನ್ನು ತೆಗೆದುಕೊಳ್ಳುವುದು ಸರಿಯಲ್ಲ. ಬೀದಿ ಕಲಾವಿದ, ವಿನ್ಯಾಸಕ ಹನೀಫ್ ಕುರೇಶಿ ಅವರು ಉತ್ತರ ಭಾರತದ ಬೋರ್ಡು ಕಲಾವಿದರ ಅಕ್ಷರಗಳನ್ನು ಫಾಂಟುಗಳನ್ನಾಗಿ ಮಾಡಿದಾಗ ಆ ಫಾಂಟುಗಳಿಗೆ ಆಯಾ ಪೇಂಟರುಗಳ ಹೆಸರನ್ನೇ ಇಟ್ಟರು. ನಮ್ಮ ಕೆಲಸಕ್ಕೆ ಅದು ಒಳ್ಳೆಯ ಮಾದರಿ.

ಆದ್ದರಿಂದ ನಿಮ್ಮ ಫೋಟೊಗಳಲ್ಲಿ ನಿಮಗೆ ಅತ್ಯಂತ ಇಷ್ಟವಾದ ಬೋರ್ಡನ್ನು ಆರಿಸಿ, ಅಂಗಡಿಯವರನ್ನು ವಿಚಾರಿಸಿ ಬರೆದವರನ್ನು ಪತ್ತೆ ಮಾಡಿ. ಕೆಲಸ ಕಡಿಮೆಯಾಗಿ ಕೆಲವರು ಬ್ರಷ್ಷು ಕೆಳಗಿಟ್ಟಿರಬಹುದು, ಕೆಲವರು ಫ್ಲೆಕ್ಸ್ ಅಂಗಡಿಯಲ್ಲೇ ಕುಳಿತಿರಬಹುದು. 'ಅಪ್ಪೆಮಿಡಿ ಉಪ್ಪಿನಕಾಯಿ' ಎಂಬುದನ್ನು ಒಂದು ಅಡಿ ಎತ್ತರದಲ್ಲಿ, ಆರು ಅಂಗುಲದಲ್ಲಿ, ಎರಡು ಅಂಗುಲದಲ್ಲಿ ಅವರಿಂದ ಬ್ರಷ್ಷಿನಲ್ಲಿಯೇ ಬರೆಸಿ, ಏಕೆಂದರೆ ಅಳತೆ ಕಿರಿದಾದಂತೆ ಅವರ ಕೈ ಏನನ್ನು ಬಿಡುತ್ತದೆ, ಏನನ್ನು ಉಳಿಸಿಕೊಳ್ಳುತ್ತದೆ ಎಂಬುದು ನಿಮಗೆ ಆಗ ಕಣ್ಣಾರೆ ಕಾಣುತ್ತದೆ. ಬರೆದದ್ದಕ್ಕೆ ಒಂದು ಸಂಭಾವನೆ, ಅದನ್ನು ಲೇಬಲ್ಲಿನಲ್ಲಿ ಮತ್ತೆ ಮತ್ತೆ ಅಚ್ಚು ಹಾಕುವುದಕ್ಕೆ ಇನ್ನೊಂದು ಸಂಭಾವನೆ ಎಂದು ಮೊದಲೇ ಮಾತಾಡಿಕೊಂಡು, ಎರಡನ್ನೂ ಕನ್ನಡದಲ್ಲಿ ಬರೆದ ಒಂದು ಪುಟದ ಒಪ್ಪಂದದಲ್ಲಿ ಸೇರಿಸಿ ಇಬ್ಬರೂ ಸಹಿ ಮಾಡಿಕೊಳ್ಳಿ. ಅವರು ಒಪ್ಪಿದರೆ ಲೇಬಲ್ಲಿನ ಬದಿಯಲ್ಲಿ, ಸಂಘದ ವಿಳಾಸದ ಕೆಳಗೆ, ಅಕ್ಷರ ಬರೆದವರೆಂದು ಅವರ ಹೆಸರನ್ನು ಹಾಕಿ.